ನಮ್ಮ ಜೀಪಿನ ಒಡವೆಗಳು

ಪುಣೆಗೆ ಬಂದು ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ, ಐವತ್ತೆರಡನೆಯ ವಯಸ್ಸಿನಲ್ಲಿ, ನಾನೊಂದು ಹಳೆಯ ಜಿಪ್ಸಿ ಗಾಡಿಯನ್ನು ಕೊಂಡೆ. ಆ ವಯಸ್ಸಿನಲ್ಲಿ ಗಂಡಸರಿಗೆ ಹಿಡಿಯುವ ಹುಚ್ಚುಗಳಲ್ಲಿ ಇದು ಅಷ್ಟೇನೂ ಅಪಾಯದ್ದಲ್ಲವೆಂದು ನನ್ನಾಕೆ ಸಮಾಧಾನ ತಂದುಕೊಂಡಳು. ಹೆಸರು ಜಿಪ್ಸಿಯಾದರೂ ನಮ್ಮ ಮನೆಯಲ್ಲಿ ಅದನ್ನು ಜೀಪು ಎಂದೇ ಕರೆದರು. ನಾನೂ ತಿದ್ದುವ ಗೋಜಿಗೆ ಹೋಗಲಿಲ್ಲ.

ಕೊಳ್ಳಲು ಕಾರಣವಿತ್ತು. ನಮ್ಮ ಮೂಲಮನೆ ತೀರ್ಥಹಳ್ಳಿಯಿಂದಾಚೆ, ಡಾಂಬರು ಮುಗಿದ ಮೇಲೆ ಮೂರು ಕಿಲೋಮೀಟರು ಮಣ್ಣುದಾರಿಯ ಕೊನೆಗಿದೆ. ತಂದೆಯವರ ತಿಥಿ ಶ್ರಾವಣದಲ್ಲಿ. ಆ ದಿನಗಳಲ್ಲಿ ನಮ್ಮ ಕಡೆ ಮಳೆ ಹೇಗಿರುತ್ತದೆಂಬುದನ್ನು ಮಲೆನಾಡಿನ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಕಾರು ಡಾಂಬರಿನ ತುದಿಯಲ್ಲಿ ನಿಂತುಬಿಡುತ್ತಿತ್ತು. ನಮ್ಮೊಡನೆ ಪುಣೆಯಲ್ಲಿದ್ದ ಅಮ್ಮ ಎಂಬತ್ತು ದಾಟಿದ ಮೇಲೆ ಆ ಕೆಸರಿನಲ್ಲಿ ನಡೆಯಲಾರದೆ ಎರಡು ವರ್ಷ ತಿಥಿಗೆ ಹೋಗಲಿಲ್ಲ. "ಅವರ ತಿಥಿಗೆ ನಾನಿಲ್ಲದೆ ಎರಡು ವರ್ಷ ಆಯ್ತು" ಎಂದು ಒಂದು ಸಂಜೆ ದೀಪ ಹಚ್ಚುತ್ತ ಅಂದರು. ಮತ್ತೊಮ್ಮೆ ಆ ಮಾತೆತ್ತಲಿಲ್ಲ. 2017ರ ಬೇಸಿಗೆಯಲ್ಲಿ ಜೀಪು ಬಂತು.

ಜೀಪು ಬಂದದ್ದೇ ತಡ, ಅದಕ್ಕೆ ಸಾಮಾನು ಕೊಳ್ಳುವ ಚಪಲ ನನಗೆ ಹತ್ತಿಕೊಂಡಿತು. ಪುಣೆಯ ನಾನಾ ಪೇಠೆಯನ್ನು ನೋಡಿದವರಿಗೆ ಗೊತ್ತು, ಗಾಡಿಯ ಬಿಡಿಭಾಗ ಮಾರುವ ಅಂಗಡಿಗಳು ಅಲ್ಲಿ ಒತ್ತೊತ್ತಾಗಿ ನಿಂತಿವೆ. ಚೆನ್ನೈಯವರಿಗೆ ಪುದುಪೇಟೆ ಹೇಗೋ, ಮುಂಬಯಿಯವರಿಗೆ ಕುರ್ಲಾ ಹೇಗೋ, ಬೆಂಗಳೂರಿಗೆ ಜೆ. ಸಿ. ರಸ್ತೆ ಹೇಗೋ, ನಮಗೆ ಅದು ಹಾಗೆ. ಅಂಗಡಿಯವನು "ಯಾ ಕಾಕಾ" ಎಂದು ಕೂರಿಸಿ, ಚಹಾ ತರಿಸಿ, ನನ್ನ ಜೀಪಿಗೆ ಏನೇನು ಕೊರತೆಯಿದೆಯೆಂದು ವಿವರಿಸಿದ. ನನಗಿರುವ ಕೊರತೆಗಳನ್ನೂ ಅಷ್ಟು ಅನುಕಂಪದಿಂದ ಯಾರೂ ಕೇಳಿದ್ದಿಲ್ಲ. ನಾಲ್ಕು ವಾರಗಳಲ್ಲಿ ಜೀಪಿನ ತಲೆಯ ಮೇಲೆ ಸಾಲಾಗಿ ದೀಪಗಳು ಬಂದವು, ಸಾಮಾನು ಹೇರುವ ಕಬ್ಬಿಣದ ಚೌಕಟ್ಟು ಬಂತು, ಬಾನೆಟ್ಟಿನ ಪಕ್ಕದಲ್ಲಿ ಆನೆಯ ಸೊಂಡಿಲನ್ನು ಹೋಲುವ ಒಂದು ಕರಿಯ ಕೊಳವೆಯೂ ಬಂತು.

ಆ ಸೊಂಡಿಲಿನ ವಿಷಯ ಸ್ವಲ್ಪ ಹೇಳಬೇಕು. ಆಳವಾದ ನೀರನ್ನು ದಾಟುವಾಗ ಇಂಜಿನ್ನು ಉಸಿರಿಗೆ ಬದಲು ನೀರು ಕುಡಿದರೆ ಕೆಟ್ಟಿತು. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗದು. ಒಳಗಿನ ಕನೆಕ್ಟಿಂಗ್ ರಾಡೇ ಬಾಗಿಹೋಗುತ್ತದೆ. ಅದಕ್ಕಾಗಿ ಗಾಳಿಯನ್ನು ಎತ್ತರದಿಂದ ಎಳೆದುಕೊಳ್ಳಲು ಈ ಕೊಳವೆ. ನನಗೆ ಮಾರಿದ ಕೊಳವೆಯನ್ನು ಒಂದು ದಿನ ನಮ್ಮ ಗ್ಯಾರೇಜಿನ ಮೇಸ್ತ್ರಿ ಬಿಚ್ಚಿ ನೋಡಿದರೆ ಅದು ಒಳಗಿನ ಯಾವುದಕ್ಕೂ ಸೇರಿಯೇ ಇರಲಿಲ್ಲ. ತಗಡಿಗೆ ನಾಲ್ಕು ಸ್ಕ್ರೂ ಹೊಡೆದು ಅಂಟಿಸಿದ್ದರು, ಅಷ್ಟೆ.

"ಮಗಳ ಮದುವೆಗೂ ಇಷ್ಟು ಒಡವೆ ಮಾಡಿಸಿರಲಿಲ್ಲವಲ್ರೀ" ಎಂದಳು ನನ್ನಾಕೆ. ಅವಳ ಲೆಕ್ಕದ ಪುಸ್ತಕದಲ್ಲಿ 'ಜೀಪಿನ ಒಡವೆ' ಎಂದೇ ಒಂದು ಕಲಮು ಹುಟ್ಟಿತು.

ಮುಂಭಾಗದಲ್ಲಿದ್ದ ಗೂಳಿಕೊಂಬಿನಂಥ ಉಕ್ಕಿನ ಗಾರ್ಡು ಮಾತ್ರ ಹಿಂದಿನ ಮಾಲೀಕರಿಂದ ಬಂದ ಬಳುವಳಿ. 2017ರ ಡಿಸೆಂಬರಿನಲ್ಲಿ ಕೇಂದ್ರದ ರಸ್ತೆ ಸಾರಿಗೆ ಇಲಾಖೆ, ಇಂಥ ಗಾರ್ಡುಗಳು ಕಾಯಿದೆಗೆ ವಿರುದ್ಧ, ದಾರಿಹೋಕರಿಗೂ ಒಳಗೆ ಕೂತವರಿಗೂ ಅಪಾಯ ಎಂದು ರಾಜ್ಯಗಳಿಗೆ ಬರೆಯಿತು. ಪೆಟ್ಟು ಬಿದ್ದಾಗ ಅದು ನೇರ ಚಾಸಿಗೆ ತಗಲುತ್ತದೆ. ಗಾಳಿಚೀಲವಿರುವ ಹೊಸ ಗಾಡಿಗಳಲ್ಲಿ ಚೀಲ ಸಕಾಲಕ್ಕೆ ಬಿಚ್ಚದಿರುವ ಭಯ ಬೇರೆ. ಬಿಚ್ಚಿಸಿ ಗುಜರಿಗೆ ತೂಕಕ್ಕೆ ಹಾಕಿದೆ. ಜೀಪಿನ ಒಡವೆಗಳಲ್ಲಿ ನನಗೆ ಹಣ ತಂದದ್ದು ಅದೊಂದೇ.

ಇಷ್ಟೆಲ್ಲದಕ್ಕೆ ಹಣ ಸುರಿದು, ಉಳಿತಾಯ ಮಾಡಬೇಕೆಂಬ ಬುದ್ಧಿ ಬಂದದ್ದು ಹಗ್ಗದ ವಿಷಯದಲ್ಲಿ. ಹೂತ ಗಾಡಿಯನ್ನು ಎಳೆಯುವ ಹಗ್ಗ, ಎರಡು ತುದಿಗೂ ಕೊಕ್ಕೆ, ಹೊದಿಕೆಯ ಮೇಲೆ '5 ಟನ್' ಎಂಬ ಅಚ್ಚು. ಬೆಲೆ ಇನ್ನೂರೈವತ್ತು ರೂಪಾಯಿ. ನಮ್ಮ ಜೀಪಿನ ತೂಕ ಸುಮಾರು ಒಂದು ಟನ್ನು. ಐದರಷ್ಟು ಬಲ ಇನ್ನೂರೈವತ್ತಕ್ಕೆ ಸಿಕ್ಕಿತೆಂದು ಹಿಗ್ಗಿದೆ.

2018ರ ಶ್ರಾವಣದಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೊರಟೆವು. ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ, ರಾಣೆಬೆನ್ನೂರು. ಶಿವಮೊಗ್ಗದಲ್ಲಿ ರಾತ್ರಿ ತಂಗಿ, ಮಾರನೆಯ ಬೆಳಿಗ್ಗೆ ಮಣ್ಣುದಾರಿ ಮುಟ್ಟಿದೆವು. ದಾರಿ ತೋರಿಸಲೆಂದು ಅಣ್ಣಯ್ಯನ ಮಗ ಡಾಂಬರಿನ ತುದಿಯಲ್ಲಿ ಕೊಡೆ ಹಿಡಿದು ಕಾಯುತ್ತಿದ್ದ. ಹದಿನಾಲ್ಕು ವರ್ಷದ ಹುಡುಗ. ಒಂದೂವರೆ ಕಿಲೋಮೀಟರು ಜೀಪು ಗಜರಾಜನಂತೆ ನಡೆಯಿತು. ಆಮೇಲೆ ಹಳ್ಳದ ಏರಿನಲ್ಲಿ ಎಡಚಕ್ರಗಳೆರಡೂ ಅಚ್ಚಿನವರೆಗೆ ಹೂತವು. ನಾನು ಆಕ್ಸಲರೇಟರು ಒತ್ತಿದಷ್ಟೂ ಗಾಡಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು.

ಅಮ್ಮನನ್ನು ಇಳಿಸಿ ತೋಟದ ಬೇಲಿಯ ಬಳಿ ಕಲ್ಲಿನ ಮೇಲೆ ಕೂರಿಸಿದೆವು. ಪಕ್ಕದ ಮನೆಯವರ ಟ್ರ್ಯಾಕ್ಟರು ಬಂತು. ನನ್ನ ಐದು ಟನ್ನಿನ ಹಗ್ಗವನ್ನು ಹೆಮ್ಮೆಯಿಂದ ಕೊಟ್ಟೆ. ಮೆಲ್ಲಗೆ ಎಳೆದರೆ ಜೀಪು ಕದಲಲಿಲ್ಲ. "ಸ್ವಲ್ಪ ಸಡಿಲ ಬಿಟ್ಟು ಜಗ್ಗಿ" ಎಂದವನೂ ನಾನೇ. ಹುಡುಗ ಬಾನೆಟ್ಟಿನ ಎಡಪಕ್ಕದಲ್ಲಿ ನಿಂತು ಚಕ್ರ ನೋಡುತ್ತಿದ್ದ. ಅಷ್ಟರಲ್ಲಿ ಅಮ್ಮ, "ಮಾಣಿ, ಇಲ್ಲಿ ಬಾರೋ, ಕೊಡೆ ಗಾಳಿಗೆ ಮಗುಚ್ತಾ ಇದೆ" ಎಂದು ಕರೆದರು. ಅವನು ಓಡಿಹೋಗಿ ಕೊಡೆ ಹಿಡಿದ. ಟ್ರ್ಯಾಕ್ಟರು ಜಗ್ಗಿತು.

ಮದ್ದುಗುಂಡಿನಂಥ ಒಂದು ಸದ್ದು. ಟ್ರ್ಯಾಕ್ಟರಿನ ಕಡೆಯ ಕೊಕ್ಕೆ ತೆರೆದುಕೊಂಡು, ಹಗ್ಗದ ಸಮೇತ ಹಾರಿ ಬಂದು ಎಡಗಡೆಯ ದೀಪವನ್ನು ಪುಡಿಮಾಡಿ, ಅದರ ಪಕ್ಕದ ತಗಡನ್ನು ತೂತು ಮಾಡಿ ಅಲ್ಲೇ ನೆಟ್ಟಿತು. ಆ ತೂತಿನ ಎತ್ತರ ಹುಡುಗನ ಎದೆಯ ಎತ್ತರ. ಯಾರೂ ಮಾತಾಡಲಿಲ್ಲ. ನನ್ನ ಕೈ ಸ್ಟೀರಿಂಗ್ ಬಿಟ್ಟು ಬರಲಿಲ್ಲ. ಅಮ್ಮನಿಗೆ ಏನಾಯಿತೆಂಬುದು ತಿಳಿಯಲೇ ಇಲ್ಲ, "ದೀಪ ಒಡೀತೇನೋ?" ಎಂದು ಕೇಳಿದರು.

ಸುದ್ದಿ ಮುಟ್ಟಿ ಅಣ್ಣಯ್ಯ ಗುದ್ದಲಿ ಹಿಡಿದು ಬಂದ. ತೂತನ್ನು ನೋಡಿದ, ಮಗನನ್ನು ನೋಡಿದ, ನನ್ನನ್ನು ನೋಡಿದ. "ಮೊದಲು ಕೆಸರು ತೆಗಿಬೇಕೋ, ಆಮೇಲೆ ಎಳೆಯೋದು" ಎಂದಷ್ಟೇ ಹೇಳಿ ಚಕ್ರದ ಮುಂದೆ ಅಗೆಯತೊಡಗಿದ. ಟ್ರ್ಯಾಕ್ಟರಿನವರು ಟೈರುಗಳ ಗಾಳಿಯನ್ನು ಅರ್ಧದಷ್ಟು ಬಿಡಿಸಿದರು. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ನೆಲವನ್ನು ಹಿಡಿಯುತ್ತದೆ. ತೋಟದಿಂದ ಅಡಿಕೆ ದಬ್ಬೆಗಳನ್ನು ತಂದು ಚಕ್ರದ ಮುಂದೆ ಹಾಸಿದರು. ಇದೇ ಕೆಲಸಕ್ಕೆ ಬಣ್ಣಬಣ್ಣದ ಪ್ಲಾಸ್ಟಿಕ್ಕಿನ ಹಲಗೆಗಳನ್ನು ಪೇಟೆಯಲ್ಲಿ ಸಾವಿರಾರು ರೂಪಾಯಿಗೆ ಮಾರುತ್ತಾರೆ. ಅರ್ಧ ಗಂಟೆಯಲ್ಲಿ ಜೀಪು ಯಾವ ಹಗ್ಗವೂ ಇಲ್ಲದೆ ತಾನೇ ಎದ್ದು ಬಂತು. ತಿಥಿ ಹೊತ್ತಿಗೆ ಸರಿಯಾಗಿ ನಡೆಯಿತು. ನನಗೆ ಎಲೆಯ ಮೇಲಿನ ಅನ್ನ ಇಳಿಯಲಿಲ್ಲ.

ಪುಣೆಗೆ ಮರಳಿದ ಮೇಲೆ ಮೇಸ್ತ್ರಿಯೊಡನೆ ಕೂತು ಹೊಸದಾಗಿ ಪಾಠ ಹೇಳಿಸಿಕೊಂಡೆ. ಹೂತ ಗಾಡಿಯನ್ನು ಕೆಸರು ಹಿಡಿದುಕೊಂಡಿರುವುದರಿಂದ ಎಳೆತ ಗಾಡಿಯ ತೂಕಕ್ಕಿಂತ ಎಷ್ಟೋ ಹೆಚ್ಚು ಬೀಳಬಹುದು. ಜಗ್ಗಿದರಂತೂ ಹೇಳತೀರದು. ಆದ್ದರಿಂದ ಕೊಕ್ಕೆ ಕೂಡದು. ಅಗಲವಾದ ನೈಲಾನ್ ಪಟ್ಟಿ, ಅದರ ತುದಿಗೆ ಬಿಲ್ಲಿನಾಕಾರದ ಶ್ಯಾಕಲ್ಲು. ಶ್ಯಾಕಲ್ಲಿನ ಮೈಮೇಲೆಯೇ ಹೊರುವ ಭಾರ ಉಬ್ಬಚ್ಚಿನಲ್ಲಿರಬೇಕು. ಮುಕ್ಕಾಲು ಇಂಚಿನದಕ್ಕೆ 4.75 ಟನ್ ಎಂದಿರುತ್ತದೆ. ಹೊದಿಕೆಯ ಮೇಲಿನ ಅಚ್ಚನ್ನು ಯಾರು ಬೇಕಾದರೂ ಹಾಕಿಸಬಹುದು. ಪಟ್ಟಿಯನ್ನು ಸಿಕ್ಕಿಸುವ ಕೊಂಡಿ ಚಾಸಿಗೆ ಬೋಲ್ಟಾಗಿರಬೇಕು, ಬಂಪರಿಗಲ್ಲ, ಸಾಗಾಟದಲ್ಲಿ ಕಟ್ಟಿಹಾಕಲೆಂದು ಕೊಟ್ಟ ತೆಳು ಕಿವಿಗಳಿಗೂ ಅಲ್ಲ. ಎಳೆಯುವಾಗ ಪಟ್ಟಿಯ ನಡುವೆ ಒದ್ದೆ ಗೋಣಿಚೀಲ ಹೊದಿಸಿದರೆ, ಹರಿದರೂ ಹಾರುವ ವೇಗ ತಗ್ಗುತ್ತದೆ. ಜನ ಮಾತ್ರ ಪಟ್ಟಿಯ ಉದ್ದಕ್ಕಿಂತ ಹೆಚ್ಚು ದೂರ ನಿಲ್ಲಬೇಕು. ಗೋಣಿಚೀಲಕ್ಕೆ ಖರ್ಚಿಲ್ಲ, ದೂರ ನಿಲ್ಲುವುದಕ್ಕೂ ಇಲ್ಲ.

ಪಟ್ಟಿ, ಶ್ಯಾಕಲ್ಲುಗಳನ್ನು ಹೊಸದಾಗಿ, ರಸೀತಿಯೊಡನೆ ಕೊಂಡೆ. ಉಳಿದದ್ದಕ್ಕೆ ಜುನಾ ಬಜಾರು ಸಾಕಾಯಿತು. ಮಡಚುವ ಗುದ್ದಲಿ, ಬಾಟಲಿ ಜ್ಯಾಕು, ಅದು ಕೆಸರಿನಲ್ಲಿ ಇಳಿಯದಂತೆ ಅಡಿಗೆ ಇಡಲು ಒಂದು ದಪ್ಪ ಹಲಗೆ, ಸ್ಪ್ಯಾನರುಗಳು, ಎಲ್ಲ ಹಳೆಯವೇ. ಕಬ್ಬಿಣದ ಸಾಮಾನು ಹಳೆಯದಾದರೆ ತುಕ್ಕು ಕಣ್ಣಿಗೆ ಕಾಣುತ್ತದೆ. ದಾರ, ರಬ್ಬರುಗಳ ಮುಪ್ಪು ಕಾಣುವುದಿಲ್ಲ. ಟೈರಿನ ವಿಷಯದಲ್ಲೂ ನನಗೆ ಒಬ್ಬರು ಹಾಗೆಯೇ ಟೋಪಿ ಹಾಕಲಿದ್ದರು. ಕರಿ ಬಳಿದು ಫಳಫಳ ಹೊಳೆಯುವ ಟೈರು, ಅಗ್ಗದ ಬೆಲೆ. ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕಡೆಯೆರಡು ವರ್ಷ. ಅದರಲ್ಲಿ 0911 ಎಂದಿತ್ತು. 2011ರ ಒಂಬತ್ತನೆಯ ವಾರದಲ್ಲಿ ಹುಟ್ಟಿದ ಟೈರನ್ನು 2018ರಲ್ಲಿ ಹೊಸದೆಂದು ಮಾರುತ್ತಿದ್ದರು. ಅಂಕಿ ತೋರಿಸಿದಾಗ ಅಂಗಡಿಯವರು ಅದು ಮಾದರಿಯ ಸಂಖ್ಯೆಯೆಂದರು. ನಾನು ನಕ್ಕು ಹೊರಬಂದೆ.

ಗಾಳಿ ತುಂಬುವ ಪುಟ್ಟ ಯಂತ್ರವೂ ಬೇಕಾಯಿತು, ಏಕೆಂದರೆ ಆ ದಿನ ಟೈರಿನ ಗಾಳಿ ಬಿಟ್ಟಿದ್ದು ಸುಲಭ, ತುಂಬಿದ್ದು ಅಣ್ಣಯ್ಯನ ಸೈಕಲ್ ಪಂಪಿನಿಂದ! ಸಿಗರೇಟು ಹೊತ್ತಿಸುವ ತೂತಿಗೆ ಸಿಕ್ಕಿಸುವಂಥದು ಅಗ್ಗ. ಮೊದಲ ಟೈರಿಗೇ ಫ್ಯೂಜು ಸುಟ್ಟುಕೊಂಡಿತು. ಬ್ಯಾಟರಿಗೇ ನೇರ ಕಚ್ಚಿಸುವಂಥದನ್ನು ಕೊಂಡು, ಇಂಜಿನ್ನು ಓಡುತ್ತಿರುವಾಗಲೇ ಬಳಸುತ್ತೇನೆ. ಇದರೊಡನೆ ಗಾಳಿಯ ಅಳತೆಯ ಗೇಜು, ಪಂಕ್ಚರಿಗೆ ರಬ್ಬರು ಬತ್ತಿಗಳು, ಐ.ಎಸ್.ಐ. ಮುದ್ರೆಯ ಒಂದು ಕಿಲೋ ಬೆಂಕಿ ಆರಿಸುವ ಸಿಲಿಂಡರು. ತಲೆಯ ಮೇಲಿನ ದೀಪಗಳನ್ನೂ ಸೊಂಡಿಲನ್ನೂ ತೆಗೆಸಿದೆ. ಸೊಂಡಿಲಿನ ನಾಲ್ಕು ತೂತುಗಳಿಂದ ಮಳೆನೀರು ಸೋರುತ್ತದೆಂದು ನನ್ನಾಕೆ ಅವಕ್ಕೆ ಮೇಣ ತುಂಬಿದ್ದಾಳೆ.

ಎಡಪಕ್ಕದ ಆ ದೊಡ್ಡ ತೂತನ್ನು ಮಾತ್ರ ನಾನು ಮುಚ್ಚಿಸಲಿಲ್ಲ. ಅಮ್ಮ ಮುಂದಿನ ವರ್ಷದ ತಿಥಿಗೂ ಅದೇ ಜೀಪಿನಲ್ಲಿ ಬಂದರು. ಅದೇ ಕಡೆಯದಾಯಿತು.

ಹುಡುಗ ಈಗ ಓದು ಮುಗಿಸಿ ಪುಣೆಯಲ್ಲೇ ಕೆಲಸಕ್ಕಿದ್ದಾನೆ. ಹೋದ ಭಾನುವಾರ ಊಟಕ್ಕೆ ಬಂದವನು, "ಚಿಕ್ಕಪ್ಪ, ಒಂದು ಹಳೇ ಜೀಪು ನೋಡಿದೀನಿ. ಮೇಲೆ ದೀಪ ಹಾಕಿಸೋಕೆ ಎಷ್ಟಾಗುತ್ತೆ?" ಎಂದ. ನಾನು ಉತ್ತರ ಕೊಡುವ ಮೊದಲೇ ನನ್ನಾಕೆ ಅಡುಗೆಮನೆಯಿಂದ ಹೊರಬಂದು, ಅವನ ಕೈಹಿಡಿದು ಕೆಳಗೆ ಕರೆದುಕೊಂಡು ಹೋಗಿ, ಜೀಪಿನ ಎಡಪಕ್ಕದಲ್ಲಿ ನಿಲ್ಲಿಸಿದಳು. ತೂತು ಈಗ ಅವನ ಸೊಂಟದ ಮಟ್ಟಕ್ಕೆ ಬರುತ್ತದೆ.