ದಂಡಿನೊಳಗೊಂದು ಕೊಲೆ

ದ್ವೀಪಗಳಲ್ಲಿ ನಡೆಯುವ ಪತ್ತೇದಾರಿ ಕಾದಂಬರಿಗಳ ರುಚಿ ಹತ್ತಿದರೆ ಬಿಡುವುದು ಕಷ್ಟ. ಆ್ಯನ್ ಕ್ಲೀವ್ಸ್ ಅವರ 'ರೇವನ್ ಬ್ಲ್ಯಾಕ್' (2006) ಸ್ಕಾಟ್ಲೆಂಡಿನಾಚೆಯ ಶೆಟ್‌ಲೆಂಡಿನ ಕಥೆ. ಹುಡುಗಿಯೊಬ್ಬಳ ಹೆಣ ಸಿಕ್ಕಿದ್ದೇ ತಡ, ಊರಿಗೆ ಊರೇ ಒಂಟಿ ಮುದುಕನೊಬ್ಬನ ಕಡೆ ಬೆರಳು ತೋರಿಸುತ್ತದೆ. ಹಿಂದೊಮ್ಮೆ ಇನ್ನೊಬ್ಬ ಬಾಲಕಿ ಕಾಣೆಯಾದಾಗಲೂ ಗುಮಾನಿ ಅವನ ಮೇಲೆಯೇ. ಪೀಟರ್ ಮೇ ಅವರ 'ದಿ ಬ್ಲ್ಯಾಕ್‌ಹೌಸ್'ನಲ್ಲಿ ಲೂಯಿಸ್ ದ್ವೀಪದ ಗಂಡಸರು ವರ್ಷಕ್ಕೊಮ್ಮೆ ನಡುಗಡಲಿನ ಬಂಡೆಗೆ ಹೋಗಿ ಹಕ್ಕಿಮರಿ ಹಿಡಿಯುತ್ತಾರೆ. ಅಲ್ಲಿ ನಡೆದದ್ದನ್ನು ಊರಿಗೆ ಬಂದು ಬಾಯಿ ಬಿಡುವಂತಿಲ್ಲ. ಗಾಳಿ, ಅಲೆ ಎಷ್ಟೇ ಅಬ್ಬರಿಸಲಿ, ಕಥೆಯನ್ನು ಎಳೆಯುವುದು ಊರವರಿಗೆಲ್ಲ ಗೊತ್ತಿದ್ದೂ ಹೊರಗಿನವನಿಗೆ ಯಾರೂ ಹೇಳದ ಸಂಗತಿ. ಆದ್ದರಿಂದ ಈ ಬಗೆಯ ಕಥೆಗೆ ಕಡಲಿಗಿಂತ ಗಡಿ ಮುಖ್ಯ ಎಂಬುದು ನನ್ನ ವಾದ. ಅಂಥ ಗಡಿ ಬೆಂಗಳೂರಿನ ನಟ್ಟನಡುವೆಯೇ ಇತ್ತು.

1809ರಲ್ಲಿ ಹಲಸೂರಿನ ಬಳಿ ಬೇರೂರಿದ ಬ್ರಿಟಿಷ್ ದಂಡು (ಕಂಟೋನ್ಮೆಂಟ್), 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗಲೂ ಬ್ರಿಟಿಷರ ಕೈಯಲ್ಲೇ ಉಳಿಯಿತು. ಮೈಸೂರಿಗೆ ಸೇರಿದ್ದು 1947ರಲ್ಲಿ. ಅಲ್ಲಿಯವರೆಗೆ ಹಳೇ ಪೇಟೆಯ ಪೊಲೀಸು, ಕೋರ್ಟು ಬೇರೆ, ದಂಡಿನವು ಬೇರೆ. ನಡುವೆ ಕಬ್ಬನ್ ಪಾರ್ಕು. ಹರಿಣಿ ನಾಗೇಂದ್ರ ಅವರ 'ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' (2022) 1921ರ ಈ ಇಬ್ಭಾಗದ ಊರಿನಲ್ಲೇ ನಡೆಯುತ್ತದೆ. ನಾಯಕಿ ಕಾವೇರಿ ಗಣಿತವೆಂದರೆ ಪ್ರಾಣ ಬಿಡುವವಳು, ಅವಳ ಗಂಡ ಬೌರಿಂಗ್ ಆಸ್ಪತ್ರೆಯ ಡಾಕ್ಟರು. ಸೆಂಚುರಿ ಕ್ಲಬ್ಬಿನಲ್ಲಿ ಕೊಲೆಯಾಗಿ, ದಿಕ್ಕಿಲ್ಲದ ಹೆಣ್ಣೊಬ್ಬಳಿಗೆ ಅದು ಸುತ್ತಿಕೊಂಡಾಗ, ಅವಳನ್ನು ಉಳಿಸಲು ಹೊರಟ ಕಾವೇರಿ ವೇಶ್ಯಾಗೃಹದಿಂದ ಇಂಗ್ಲಿಷರವನ ಬಂಗಲೆಯವರೆಗೆ ಜಾಡು ಹಿಡಿಯುತ್ತಾಳೆ. ಸೀರೆಯುಟ್ಟ ಗೃಹಿಣಿ ಆ ಎರಡು ಹೊಸ್ತಿಲು ದಾಟುವುದಿದೆಯಲ್ಲ, ಅದು ದೋಣಿ ಹತ್ತಿ ದ್ವೀಪಕ್ಕೆ ಹೋದಷ್ಟೇ ದೂರದ ಪಯಣ. ಪೊಲೀಸರ ಮುಂದೆ ತುಟಿ ಬಿಚ್ಚದ ಹೆಂಗಸರು ಅವಳ ಮುಂದೆ ಮಾತಾಡುತ್ತಾರೆ. ಪುಸ್ತಕದ ಜೀವ ಇರುವುದು ಅಲ್ಲಿ.

ದ್ವೀಪದಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ದಂಡಿಗೆ ಸೇರಿದ್ದ ಶಿವಾಜಿನಗರದ ಜನಜಂಗುಳಿಯಲ್ಲಿ ಯಾರಿಗೆ ಯಾರು ಎಂದು ಕೇಳಬಹುದು. ಅಲ್ಲಿನ ರಸೆಲ್ ಮಾರ್ಕೆಟ್ಟಿನಲ್ಲಿ ಒಂದು ಸುತ್ತು ಹಾಕಿದರೆ ಆ ಅನುಮಾನ ಉಳಿಯದು. ಹೂವಿನವನಿಗೆ ಮಾಂಸದಂಗಡಿಯವನ ಮೂರು ತಲೆಮಾರು ಗೊತ್ತಿರುತ್ತದೆ. ಹಲಸೂರಿನ ಗಲ್ಲಿಗಳ ತಮಿಳು, ಶಿವಾಜಿನಗರದ ದಖನಿ, ಕುಕ್ ಟೌನಿನ ಆಂಗ್ಲೋ ಇಂಡಿಯನ್ ಮನೆಗಳ ಇಂಗ್ಲಿಷು, ಒಂದೊಂದಕ್ಕೂ ತನ್ನ ಗುಟ್ಟು ಕಾಯುವ ಕಲೆ ಗೊತ್ತು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಗಡಿ 1947ಕ್ಕೇ ಅಳಿಯಿತು, ಈಗ ಕೆ.ಆರ್. ಪುರದಿಂದ ಇಂದಿರಾನಗರಕ್ಕೆ ಮೆಟ್ರೋ ಓಡುತ್ತದೆ, ಹಾಗಾಗಿ ಇದು ಗತಕಾಲದ ಹಂಬಲವಷ್ಟೆ. ಸರ್ಕಾರದ ಗಡಿ ಅಳಿದದ್ದು ನಿಜ. ಆದರೆ ಇಂದಿರಾನಗರದ ಪಬ್ಬಿನಲ್ಲಿ ಕೂತವರಿಗೂ ಕೂಗಳತೆಯ ಹಲಸೂರಿನ ಹಳೇ ಬೀದಿಯವರಿಗೂ ಎಷ್ಟು ಪರಿಚಯವಿದೆ? ಪತ್ತೇದಾರನಿಗೆ ಆ ಅಂತರ ಸಾಕು.

ಒಂದೇ ಕೊರಗು, ಕಾವೇರಿಯ ಕಥೆ ಬಂದದ್ದು ಇಂಗ್ಲಿಷಿನಲ್ಲಿ. ಎನ್. ನರಸಿಂಹಯ್ಯನವರು 'ಪತ್ತೇದಾರ ಪುರುಷೋತ್ತಮ'ನನ್ನು ಕೊಟ್ಟು, ನೂರಾರು ಕಾದಂಬರಿ ಬರೆದು ಓದುಗರನ್ನು ಬೆಳೆಸಿದ ಭಾಷೆ ಇದು. ಕನ್ನಡದಲ್ಲಿ ಪತ್ತೇದಾರಿ ಬರೆಯುವ ಹೊಸಬರು ದಯವಿಟ್ಟು ಒಮ್ಮೆ ದಂಡಿನ ಕಡೆ ಬನ್ನಿ.