ಬುಳುಬುಳು ಪಾಠ

ಆರಿದ್ರಾ ಮಳೆ ಹಿಡಿದು ಮೂರು ದಿನವಾಗಿತ್ತು. ಕರೆಂಟು ಹಿಂದಿನ ಸಂಜೆಯೇ ಹೋಗಿತ್ತು. ಇಂಥ ಹೊತ್ತಿನಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಎಲ್ಲರೂ ಸೇರುವುದು ಬಚ್ಚಲೊಲೆಯ ಮುಂದೆ. ಹಂಡೆಯ ಕೆಳಗೆ ಅಡಿಕೆ ಸಿಪ್ಪೆ ಹೊಗೆಯಾಡುತ್ತಿತ್ತು. ಅಕ್ಕನ ಮಕ್ಕಳಿಬ್ಬರು ಕೆಂಡದ ಬೂದಿಯಲ್ಲಿ ಹಲಸಿನ ಬೀಜ ಹುಗಿದು, ಕೋಲು ಹಿಡಿದು ಕಾಯುತ್ತಿದ್ದರು. ಮಧ್ಯಾಹ್ನವೆಲ್ಲ ನನ್ನ ಹಳೆಯ ಪೆಟ್ಟಿಗೆ ಜಾಲಾಡಿದ್ದ ಸಣ್ಣವನ ತಲೆಯ ಮೇಲೆ ಒಂದು ರಬ್ಬರ್ ಟೋಪಿ ಬಿಗಿದು ಕೂತಿತ್ತು.

"ಮಾವ, ಇದು ಎಲ್ಲೀದು?"

"ಸ್ಕಾಟ್‌ಲೆಂಡಿಂದು. ಅದನ್ನ ತಲೆಗೆ ಹಾಕ್ಕೊಳ್ಳೋಕೆ ನಂಗೆ ಮೂರು ತಿಂಗಳು ಬೇಕಾಯ್ತು, ಗೊತ್ತಾ?"

ಬೀಜ ಬೇಯಲು ಇನ್ನೂ ಹೊತ್ತಿತ್ತು. ಕಥೆ ಶುರುವಾಯಿತು.

2013ರ ಸೆಪ್ಟೆಂಬರ್. ಓದಲೆಂದು ಎಡಿನ್‌ಬರೋಗೆ ಹೋಗಿ ಎರಡು ವಾರವಾಗಿತ್ತು. ವಿಶ್ವವಿದ್ಯಾಲಯದ ಆಟೋಟದ ಕ್ಲಬ್ಬುಗಳೆಲ್ಲ ಒಂದೇ ಕಡೆ ಮೇಜು ಹಾಕಿಕೊಂಡು ಹೊಸಬರನ್ನು ಕರೆಯುವ ದಿನ ಅದು. ಟ್ರಯಥ್ಲಾನ್ ಮೇಜಿನ ಮುಂದೆ ಜಾತ್ರೆ. ಹಿಂದಿನ ವರ್ಷವಷ್ಟೇ ಲಂಡನ್ ಒಲಿಂಪಿಕ್ಸ್‌ನಲ್ಲಿ ಯಾರ್ಕ್‌ಶೈರಿನ ಅಣ್ಣ ತಮ್ಮ, ಅಲಿಸ್ಟರ್ ಮತ್ತು ಜಾನಿ ಬ್ರೌನ್ಲಿ, ಈ ಆಟದ ಚಿನ್ನ ಮತ್ತು ಕಂಚನ್ನು ಒಂದೇ ಮನೆಗೆ ಹೊತ್ತುಕೊಂಡು ಹೋಗಿದ್ದರು.

"ಅದೆಂಥ ಆಟ?" ದೊಡ್ಡವಳು ಕೇಳಿದಳು.

"ಈಜೋದು, ಸೈಕಲ್ ಹೊಡೆಯೋದು, ಓಡೋದು. ಮೂರೂ ಒಂದರ ಬೆನ್ನಿಗೊಂದು. ಮಧ್ಯೆ ಕೂತು ಕಾಫಿ ಕುಡಿಯೋ ಹಾಗಿಲ್ಲ."

1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಓಟಗಾರರ ಕ್ಲಬ್ಬೊಂದು ಅಭ್ಯಾಸದ ಬೇಸರ ಕಳೆಯಲು ಇಟ್ಟುಕೊಂಡ ಪಂದ್ಯ 2000ದ ಸಿಡ್ನಿ ಒಲಿಂಪಿಕ್ಸಿನವರೆಗೂ ಬೆಳೆಯಿತು. ಒಲಿಂಪಿಕ್ಸಿನಲ್ಲಿ ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಮಕ್ಕಳು ಲೆಕ್ಕ ಹಾಕಿದರು: ಸೈಕಲ್ಲೊಂದೇ ಶೃಂಗೇರಿಯ ಹತ್ತಿರಕ್ಕೆ ಹೋಗುತ್ತದೆ.

ಮೇಜಿನಲ್ಲಿದ್ದ ಹುಡುಗಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಈಜು ಬರುತ್ತಾ?" ನಾಲ್ಕನೇ ಕ್ಲಾಸಿನಿಂದಲೂ ಬರುತ್ತದೆ ಎಂದೆ. ಸುಳ್ಳೇನಲ್ಲ. ತೋಟದ ಕೆರೆಯಲ್ಲಿ ಸೋದರಮಾವ ನನ್ನ ಸೊಂಟಕ್ಕೆ ಬಾವಿ ಹಗ್ಗ ಕಟ್ಟಿ, ಎದೆಯ ಕೆಳಗೊಂದು ಬಾಳೆದಿಂಡು ಕೊಟ್ಟು, ನೀರಿಗೆ ನೂಕಿದ್ದ. ದಿಂಡು ಹೋಯಿತು, ಹಗ್ಗ ಹೋಯಿತು, ಈಜು ಉಳಿಯಿತು. ಜೊತೆಗೆ ಇನ್ನೊಂದೂ ಉಳಿದಿದೆ ಅನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ.

ಮೊದಲ ದಿನ ಈಜುಕೊಳದಲ್ಲಿ ವೇಗಕ್ಕೆ ತಕ್ಕಂತೆ ಸಾಲು ಸಾಲಾಗಿ ಓಣಿಗಳು. ನಾನು ಮರ್ಯಾದೆಗೆ ನಡುವಿನದನ್ನು ಆರಿಸಿಕೊಂಡೆ. ಒಬ್ಬರ ಹಿಂದೆ ಒಬ್ಬರು ಐದೈದು ಸೆಕೆಂಡು ಬಿಟ್ಟು ಹೊರಡಬೇಕು. ಹಿಂದಿನವರಿಗೆ ಅವಸರವಿದ್ದರೆ ಮುಂದಿನವರ ಪಾದ ಮುಟ್ಟುತ್ತಾರೆ. ಗೋಡೆ ಸಿಕ್ಕಿದಾಗ ಮುಂದಿನವರು ನಿಂತು ದಾರಿ ಬಿಡಬೇಕು. ಅವತ್ತು ನಾಲ್ಕು ಜನ ನನ್ನ ಪಾದ ಮುಟ್ಟಿದರು. ಅಷ್ಟೊಂದು ನಮಸ್ಕಾರ ನನಗೆ ಮುಂಜಿಯಲ್ಲೂ ಸಿಕ್ಕಿರಲಿಲ್ಲ.

ಕೋಚ್ ಐವತ್ತು ದಾಟಿದ ಹೆಂಗಸು. ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನನ್ನು ನಿಲ್ಲಿಸಿದರು.

"ನೀನು ಯಾರನ್ನು ನೋಡುತ್ತಾ ಈಜುತ್ತೀಯ?"

ನನಗೆ ಉತ್ತರ ಗೊತ್ತಿತ್ತು, ಹೇಳಲಾಗಲಿಲ್ಲ. ಕೆರೆಯ ಏರಿಯ ಮೇಲೆ ಹಗ್ಗ ಹಿಡಿದು ನಿಂತ ಮಾವನ ಕೈಯನ್ನು. ಆ ಕೈ ಎಲ್ಲಿ ಸಡಿಲವಾಗುತ್ತದೋ ಎಂಬ ಹೆದರಿಕೆಗೆ ಕತ್ತನ್ನು ಆಮೆಯ ಹಾಗೆ ಮೇಲಕ್ಕೆ ಚಾಚಿ ಕಲಿತ ಈಜು ಅದು. ಮಾವ ತೀರಿಕೊಂಡು ಆರು ವರ್ಷವಾಗಿತ್ತು. ಕತ್ತಿಗೆ ಆ ಸುದ್ದಿ ತಲುಪಿರಲಿಲ್ಲ.

"ತಲೆ ಎದ್ದರೆ ಸೊಂಟ ಮುಳುಗುತ್ತದೆ, ಸೊಂಟದ ಹಿಂದೆ ಕಾಲು. ತಕ್ಕಡಿ ಇದ್ದ ಹಾಗೆ. ಮುಖ ನೀರಲ್ಲಿಡು, ತಳದ ಗೆರೆ ನೋಡು," ಎಂದರು. "ಇನ್ನೊಂದು. ಉಸಿರು ಎಳೆದುಕೊಳ್ಳುತ್ತೀಯ, ಬಿಡುವುದೇ ಇಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದರೆ ಎಲ್ಲಿ ನಿಲ್ಲುತ್ತದೆ?"

ಕೊಡದ ಮಾತು ಅವರದ್ದಲ್ಲ, ನಾನು ಸೇರಿಸಿದ್ದು. ಅರ್ಥ ಮಾತ್ರ ಅದೇ. ನನ್ನನ್ನು ತುದಿಯ, ಎಲ್ಲಕ್ಕಿಂತ ನಿಧಾನದ ಓಣಿಗೆ ಕಳಿಸಿದರು. ಮನೆಪಾಠವನ್ನೂ ಕೊಟ್ಟರು: ದಿನಾ ರಾತ್ರಿ ಬೇಸಿನ್ನಿಗೆ ನೀರು ತುಂಬಿ, ಮುಖ ಮುಳುಗಿಸಿ, ಮೂಗು ಬಾಯಿಯಿಂದ ಉಸಿರು ಬಿಡುವುದು. ಮೂರನೇ ರಾತ್ರಿ ಪಕ್ಕದ ಕೋಣೆಯ ಗ್ಲಾಸ್ಗೋ ಹುಡುಗ ಬಾಗಿಲು ಬಡಿದ. ವಾಂತಿಯಾಗುತ್ತಿದೆಯಾ, ಡಾಕ್ಟರನ್ನು ಕರೆಯಲಾ ಎಂದು ಕೇಳಿದ.

ಸೈಕಲ್ಲಿನ ಕಥೆ ಇನ್ನೊಂದು. ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅದರ ಪೆಡಲಿಗೆ ಶೂ ಕಚ್ಚಿಕೊಳ್ಳುತ್ತದೆ, ಹಿಮ್ಮಡಿ ತಿರುಚಿದರೆ ಮಾತ್ರ ಬಿಡುತ್ತದೆ. ಮೊದಲ ಕೆಂಪು ದೀಪದಲ್ಲಿ ತಿರುಚುವುದು ಮರೆತು, ಬಸ್ಸಿನ ತುಂಬ ಜನ ನೋಡುತ್ತಿದ್ದಂತೆ, ಕಡಿದ ಅಡಿಕೆಮರದ ಹಾಗೆ ಪಕ್ಕಕ್ಕೆ ಒರಗಿದೆ.

ಭಾನುವಾರ ಎಲ್ಲರೂ ಸೇರಿ ಪೂರ್ವಕ್ಕೆ, ಕಡಲ ದಂಡೆಯ ದಾರಿ. ಮಸಲ್‌ಬರೋ, ಪ್ರೆಸ್ಟನ್‌ಪ್ಯಾನ್ಸ್, ಲಾಂಗ್‌ನಿಡ್ರಿ ದಾಟಿ ಗಲನ್‌ವರೆಗೆ. ಹೋಗುವಾಗ ನನ್ನ ಕಾಲಿಗೆ ಬ್ರೌನ್ಲಿ ಬಂದು ಸೇರಿದ್ದ. ಗಲನ್‌ನಲ್ಲಿ ಚಹಾ ಕುಡಿದು ತಿರುಗಿದಾಗ ಗೊತ್ತಾಯಿತು, ಅಲ್ಲಿಯವರೆಗೆ ತಂದದ್ದು ಬೆನ್ನ ಹಿಂದಿನ ಪಡುಗಾಳಿ ಎಂದು. ಈಗ ಅದೇ ಗಾಳಿ ಮುಖಕ್ಕೆ. ಮುಂದಿನವರ ಹಿಂಚಕ್ರಕ್ಕೆ ಒಂದು ಮೊಳ ದೂರದಲ್ಲಿ ಅಂಟಿಕೊಂಡರೆ ಗಾಳಿ ಕಡಿಮೆ. ಒಂದು ಮೊಳ ಮೂರು ಮಾರಾದರೆ ಮುಗಿಯಿತು, ನೀನೂ ಗಾಳಿಯೂ ಇಬ್ಬರೇ. ನಾನು ಬಿಟ್ಟುಹೋದೆ. ಸಾಲಿನಿಂದ ಇಬ್ಬರು ಹಿಂದಕ್ಕೆ ಬಂದರು. ಒಬ್ಬ ಮುಂದೆ ನಿಂತು ಗಾಳಿ ತಡೆದ. ಮೇಜಿನಲ್ಲಿ ಈಜು ಬರುತ್ತಾ ಎಂದು ಕೇಳಿದ್ದ ಹುಡುಗಿ ಪಕ್ಕದಲ್ಲಿ ಬಂದು, "ನಿನ್ನ ಭುಜ ಕಿವಿಗೆ ತಾಗ್ತಿದೆ. ಉಸಿರು ಬಿಡು," ಎಂದಳು. ಇಲ್ಲೂ ಅದೇ ಪಾಠ.

ಡಿಸೆಂಬರ್ ಬಂತು. ಅಲ್ಲಿ ಆಗ ಮಧ್ಯಾಹ್ನ ಮೂರೂ ಮುಕ್ಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ರಜೆಗೆ ಹೆಚ್ಚಿನವರು ಊರಿಗೆ ಹೋದರು. ಹೋಗಲು ಊರು ಹತ್ತಿರವಿಲ್ಲದ ನಾವು ಕೆಲವರು ಹೊಸವರ್ಷದ ದಿನದ ಟ್ರಯಥ್ಲಾನಿಗೆ ಹೆಸರು ಕೊಟ್ಟೆವು. 400 ಮೀಟರ್ ಈಜು, ಆರ್ಥರ್ಸ್ ಸೀಟ್ ಗುಡ್ಡದ ಸುತ್ತ ಮೂರು ಸುತ್ತು ಸೈಕಲ್, ಆಮೇಲೆ ಒಂದು ಸುತ್ತು ಓಟ.

ಹಿಂದಿನ ರಾತ್ರಿ ಹಾಗ್ಮನೇ. ವರ್ಷ ಕಳುಹಿಸುವ ಹಬ್ಬಕ್ಕೆ ಸ್ಕಾಟರು ಇಟ್ಟ ಹೆಸರು. ಕೋಟೆಯ ಮೇಲೆ ಬಾಣಬಿರುಸು, ಬೀದಿ ತುಂಬ ಜನ. ಬೆಳಿಗ್ಗೆ ಊರಿಗೆ ಊರೇ ಹೊದ್ದು ಮಲಗಿದ್ದಾಗ ನಾವು ಸೈಕಲ್ ತಳ್ಳಿಕೊಂಡು ರಾಯಲ್ ಕಾಮನ್‌ವೆಲ್ತ್ ಪೂಲಿಗೆ ಹೊರಟೆವು. 1970ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ಕಟ್ಟಿದ ಕೊಳ. ಊರವರ ಬಾಯಲ್ಲಿ ಬರೀ 'ಕಾಮಿ'. ಐವತ್ತು ಮೀಟರಿನದು. ಎಂಟು ಉದ್ದ ಈಜಬೇಕು.

ಮೊದಲ ಉದ್ದದಲ್ಲಿ ಕತ್ತು ತಾನಾಗಿ ಎದ್ದಿತು. ಏರಿಯಿಲ್ಲ, ಹಗ್ಗವಿಲ್ಲ. ಮುಖ ಇಳಿಸಿದೆ. ತಳದಲ್ಲಿ ಕಪ್ಪು ಗೆರೆ ಇತ್ತು, ಕಿವಿಯಲ್ಲಿ ನನ್ನದೇ ಬುಳುಬುಳು. ಮಾವನ ಕೈ ಯಾವಾಗ ಮರೆತುಹೋಯಿತೋ ತಿಳಿಯಲಿಲ್ಲ. ಏಳನೇ ಉದ್ದದಲ್ಲಿ ಬೆರಳಿಗೆ ಮೆತ್ತಗೆ ಏನೋ ತಗುಲಿತು. ಯಾರದೋ ಪಾದ. ಗೋಡೆಯ ಹತ್ತಿರ ಅವರು ನಿಂತು, ನನಗೆ ದಾರಿ ಬಿಟ್ಟರು.

ಹೊರಗೆ ಜನವರಿಯ ಚಳಿ. ಮೈ ಒದ್ದೆ, ಬೆರಳು ಮರಗಟ್ಟಿದೆ. ಹೆಲ್ಮೆಟ್ಟಿನ ಕೊಕ್ಕೆ ಹಾಕದೆ ಸೈಕಲ್ ಎತ್ತುವ ಹಾಗಿಲ್ಲ. ಬೇರೆಯವರು ಕೈ ಹಾಕುವ ಹಾಗೂ ಇಲ್ಲ. ಬೇಲಿಯಾಚೆ ಕ್ಲಬ್ಬಿನವರು ಜೇಬಿನಲ್ಲಿ ಕೈಯಿಟ್ಟು ಸಂಕಟಪಡುತ್ತಾ ನಿಂತಿದ್ದರು. ನಾನು ಉಸಿರು ಬಿಟ್ಟೆ. ಟಕ್ ಎಂದಿತು ಕೊಕ್ಕೆ.

ಆರ್ಥರ್ಸ್ ಸೀಟ್ 251 ಮೀಟರಿನ, ತಣ್ಣಗಾದ ಪುರಾತನ ಜ್ವಾಲಾಮುಖಿ. ರಸ್ತೆ ತುದಿಗೇರುವುದಿಲ್ಲ, ಡನ್‌ಸಾಪಿ ಎಂಬ ಪುಟ್ಟ ಕೆರೆಯ ಪಕ್ಕ ಹಾದು ಇಳಿಯುತ್ತದೆ. ಅಷ್ಟು ಏರೇ ಮೂರು ಸಲಕ್ಕೆ ಆಗುಂಬೆಯಾಯಿತು. ಇಳಿದು ಓಡಲು ಹೊರಟರೆ ಕಾಲು ನನ್ನದಲ್ಲ. ಸೈಕಲ್ಲಿನಿಂದ ನೇರ ಓಟಕ್ಕಿಳಿಯುವ ಅಭ್ಯಾಸಕ್ಕೆ ಅವರು 'ಬ್ರಿಕ್' ಅನ್ನುತ್ತಾರೆ. ಇಟ್ಟಿಗೆ. ಎರಡೂ ಕಾಲಿಗೆ ಒಂದೊಂದು ಕಟ್ಟಿಕೊಂಡೇ ಗುಡ್ಡ ಸುತ್ತಿದೆ.

ಮೊದಲ ಪಂದ್ಯ ಮುಗಿಸಿದವರಿಗೆ ಕೋಚ್ ಕ್ಲಬ್ಬಿನ ಟೋಪಿ ಕೊಡುತ್ತಿದ್ದರು. ಸಣ್ಣವನ ತಲೆಯ ಮೇಲಿದ್ದದ್ದು ಅದೇ.

"ಎಷ್ಟನೇದು ಬಂದೆ ಮಾವ?"

"ಹಿಂದಿನಿಂದ ಎಣಿಸಿದ್ರೆ ಬೇಗ ಸಿಗ್ತೀನಿ."

ಬೀಜ ಪಟ್ ಎಂದು ಸಿಡಿಯಿತು. ಬಿಸಿ ಬೀಜವನ್ನು ಕೈಯಿಂದ ಕೈಗೆ ಹಾಯಿಸುತ್ತ ದೊಡ್ಡವಳು ಗೋಡೆಯ ಗೂಟದ ಕಡೆ ನೋಡಿದಳು. ಅಲ್ಲಿ ಬಾವಿ ಹಗ್ಗ ಸುತ್ತಿಟ್ಟಿತ್ತು.

"ಮಳೆ ಬಿಟ್ಟ ಮೇಲೆ ನಮ್ಗೂ ಹಗ್ಗ ಕಟ್ಟಿ ಕಲಿಸ್ತೀಯಾ?"

"ಕಟ್ತೀನಿ. ಹಗ್ಗ ಬೇಕೇ ಬೇಕು. ಆದ್ರೆ ಅದಕ್ಕಿಂತ ಮೊದ್ಲು ಅಲ್ಲಿ ಹೋಗು," ಎಂದು ಹಂಡೆಯ ಪಕ್ಕದ ಬಕೆಟ್ಟು ತೋರಿಸಿದೆ.

ಇಬ್ಬರೂ ಎದುರು ಬದುರು ಮಂಡಿಯೂರಿ ಒಂದೇ ಬಕೆಟ್ಟಿಗೆ ಮುಖ ಇಳಿಸಿದರು. ನಾನು ಎಣಿಸತೊಡಗಿದೆ. ನಾಲ್ಕು ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಕೂಗಿದಳು:

"ಬಚ್ಚಲಿಗೆ ಎಮ್ಮೆ ನುಗ್ಗಿದೆಯೇನ್ರೋ? ನೀರು ಕುಡಿಯೋ ಸದ್ದು!"