ಪಡವಲಕಾಯಿಗೆ ಕಲ್ಲು

ಈ ಸಲ ನಮ್ಮ ತಾರಸಿಯ ಪಡವಲ ಬಳ್ಳಿಯಲ್ಲಿ ಮೂರೇ ಕಾಯಿ. ಅದರಲ್ಲೊಂದು ಹನುಮಂತನ ಬಾಲದ ಹಾಗೆ ಸುರುಳಿ ಸುತ್ತೋಕೆ ಶುರು ಮಾಡಿದ್ದೇ ತಡ, ಅಮ್ಮ ದಾರಕ್ಕೆ ನೆಲ್ಲಿಕಾಯಿ ಗಾತ್ರದ ಕಲ್ಲು ಕಟ್ಟಿ ಅದರ ತುದಿಗೆ ನೇತುಹಾಕಿದರು.

"ಪಾಪ, ಅದಕ್ಕೆ ನೋಯಲ್ವಾ ಅಜ್ಜಿ?"

"ಇಲ್ಲ ಪುಟ್ಟಿ, ಭಾರಕ್ಕೆ ನೆಟ್ಟಗೆ ಬೆಳೆಯತ್ತೆ. ನಿಮ್ಮಪ್ಪಂಗೂ ಚಿಕ್ಕವನಿದ್ದಾಗ ಒಂದು ಕಟ್ಟಬೇಕಿತ್ತು."

ನಾನು ಕೇಳಿಸದವನ ಹಾಗೆ ನೀರು ಹಾಕುತ್ತಿದ್ದೆ.

ಸಿಹಿಗುಂಬಳದ್ದು ಬೇರೆಯೇ ಕಥೆ. ಹೋದ ವರ್ಷ ಹೂವೆಲ್ಲ ಉದುರಿದಾಗ ಬೀಜವೇ ಸರಿಯಿಲ್ಲ ಅಂತ ಬೈದುಕೊಂಡಿದ್ದೆ. ಅಮ್ಮ ಊರಿಂದ ಬಂದ ಮೇಲೆ ಗೊತ್ತಾಯಿತು, ಮೊದಲು ಬರುವುದೆಲ್ಲ ಹೆಚ್ಚಾಗಿ ಗಂಡು ಹೂವು. ಅದು ಉದುರಲೇಬೇಕು. ಹೆಣ್ಣು ಹೂವು ಆಮೇಲೆ, ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಹೊತ್ತುಕೊಂಡೇ ಬರತ್ತೆ. ಬೆಳಗಿನ ಜಾವ ಅರಳಿದರೆ ಮಧ್ಯಾಹ್ನದೊಳಗೆ ಮುದುಡಿ ಮುಗೀತು. ಅಷ್ಟರೊಳಗೆ ಜೇನು ಬರಬೇಕು. ನಾಲ್ಕನೇ ಮಹಡಿಗೆ ಜೇನು ಎಲ್ಲಿಂದ ಬರಬೇಕು? (ಪಾರಿವಾಳ ಮಾತ್ರ ಕರೆಯದೇ ಬರತ್ತೆ.)

ಹಾಗಾಗಿ ಈಗ ಆ ಕೆಲಸ ಮಗಳದ್ದು. ಹಲ್ಲುಜ್ಜುವ ಮೊದಲೇ ತಾರಸಿಗೆ ಓಟ. ಗಂಡು ಹೂವಿನ ದಳ ಬಿಡಿಸಿ, ನಡುವಿನ ಕಡ್ಡಿಯನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರುತ್ತಾಳೆ, ಅಜ್ಜಿ ಪಕ್ಕದಲ್ಲಿ ನಿಂತು "ಸಾಕು ಸಾಕು" ಅನ್ನೋವರೆಗೂ.

ಇವತ್ತು ಕೆಳಗೆ ಸ್ಕೂಲ್ ವ್ಯಾನ್ ಎರಡು ಸಲ ಹಾರ್ನ್ ಹೊಡೀತು. ಮೆಟ್ಟಿಲು ಇಳಿದು ಓಡಿದವಳ ಮೂಗಿನ ತುದಿಯಲ್ಲಿ ಹಳದಿ ಪುಡಿ. ಒರೆಸೋಕೆ ಮನಸ್ಸಾಗಲಿಲ್ಲ.